ಸಾಕ್ಷಿ ತೊಗರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹೌದು, ಇರುತ್ತದೆ. ಆದರೆ ಮೂರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನನ್ನಲ್ಲಿ ಇದ್ದದ್ದು ಜಂಬ. ಆ ಜಂಬ ಇಳಿಸಿದವರು ನನ್ನ ಮಾವ. ಒಂದು ಗದರಿಕೆ ಇಲ್ಲದೆ, ಒಂದು ಉಪದೇಶ ಇಲ್ಲದೆ, ಕೈಯಲ್ಲಿ ಒಂದು ಸೇರು ತೊಗರಿ ಹಿಡಿದುಕೊಂಡು ಇಳಿಸಿದರು. ಅದನ್ನು ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ಬೀದರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಮನೆ ಅಲ್ಲೇ ಮೈಲೂರಿನಲ್ಲಿ. ಗಂಡ ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅತ್ತೆ ಮಾವ ಭಾಲ್ಕಿಯಲ್ಲಿ, ನನ್ನ ಭಾವನ ಸಂಸಾರದ ಜೊತೆ. ಅತ್ತೆ ನರ್ಸಾಗಿದ್ದು ನಿವೃತ್ತರಾದವರು. ಮಾವ ದಾಲ್ ಮಿಲ್ಲಿನ ಮಿಸ್ತ್ರಿ. ಎಪ್ಪತ್ತು ದಾಟಿದರೂ ಮಿಲ್ಲಿನ ಮಾಲೀಕರು ಅವರನ್ನು ಬಿಡುವುದಿಲ್ಲ, ಅವರಿಗೂ ಬಿಡುವ ಮನಸ್ಸಿಲ್ಲ.

ನನ್ನ ಸಂಶೋಧನೆಯ ವಿಷಯ ಕೇಳಿದವರಿಗೆ ಆಕಳಿಕೆ ಬರುತ್ತದೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಔರಾದ ತಾಲ್ಲೂಕಿನ ನೆಲದ ಒಳಗೆ ನೀರು ಹೇಗೆ ಸರಿಯುತ್ತದೆ, ಇಷ್ಟು ಮಳೆ ಬಿದ್ದರೆ ಯಾವ ಬಾವಿಯಲ್ಲಿ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಇದೆ. ನನ್ನ ಗೈಡ್ ಸರ್ ಅದಕ್ಕೆ ತಮ್ಮ ಅರ್ಧ ಆಯುಷ್ಯ ಹಾಕಿದ್ದಾರೆ. ಅದು ಓಡುವುದು ನಮ್ಮ ಲ್ಯಾಬಿನ ದೊಡ್ಡ ಮಷೀನಿನ ಮೇಲೆ. ಅದರ ಪ್ರೊಸೆಸರಿನೊಳಗೆ ಅರವತ್ತನಾಲ್ಕು ಕೋರುಗಳು, ಅಂದರೆ ಒಂದೇ ಹೊಲದಲ್ಲಿ ಅರವತ್ತನಾಲ್ಕು ಆಳು ಇಳಿದ ಹಾಗೆ. ನೆಲವನ್ನು ತುಂಡು ತುಂಡು ಮಾಡಿ ಆ ಆಳುಗಳಿಗೆ ಹಂಚಬೇಕು. ತುಂಡು ದೊಡ್ಡದಾದರೆ ಕೆಲವರು ಕೆಲಸ ಮುಗಿಸಿ ಕೈಕಟ್ಟಿ ಕೂರುತ್ತಾರೆ. ಸಣ್ಣದಾದರೆ ಹಂಚುವುದರಲ್ಲೇ ಹೊತ್ತು ಹೋಗುತ್ತದೆ. ಎಷ್ಟು ದೊಡ್ಡ ತುಂಡು, ಯಾವ ಸಾಲಿನಿಂದ ಶುರು, ಯಾರ ಪಕ್ಕ ಯಾರು, ಹೀಗೆ ಹೊಂದಿಕೆಗಳು ಸಾವಿರಾರು. ಮನುಷ್ಯರು ಕೂತು ಒಂದೊಂದನ್ನೇ ನೋಡುವುದು ಆಗದ ಮಾತು. ನಾನು ಬರೆದದ್ದು ಆ ಕೆಲಸವನ್ನು ತಾನೇ ಮಾಡುವ ಇನ್ನೊಂದು ಪ್ರೋಗ್ರಾಂ. ಅದು ಒಂದು ಹೊಂದಿಕೆ ಹಾಕುತ್ತದೆ, ಎರಡು ನಿಮಿಷ ಓಡಿಸುತ್ತದೆ, ಎಷ್ಟು ಕೆಲಸ ಆಯಿತೆಂದು ಬರೆದುಕೊಳ್ಳುತ್ತದೆ, ಇನ್ನೊಂದಕ್ಕೆ ಹೋಗುತ್ತದೆ, ಕೊನೆಗೆ ಎಲ್ಲಕ್ಕಿಂತ ವೇಗದ್ದನ್ನು ಆರಿಸಿ ಕೊಡುತ್ತದೆ. ಅದನ್ನು ನಾವು ಟ್ಯೂನರ್ ಅನ್ನುತ್ತಿದ್ದೆವು.

ಸರ್ ಬಳಸುತ್ತಿದ್ದ ಹಳೆಯ ಹೊಂದಿಕೆಯಲ್ಲಿ ಒಂದು ಮಳೆಗಾಲದ ಲೆಕ್ಕಕ್ಕೆ ನಾಲ್ಕು ತಾಸು ಬೇಕಿತ್ತು. ನನ್ನ ಟ್ಯೂನರ್ ಆರಿಸಿದ ಹೊಂದಿಕೆಯಲ್ಲಿ ಅದೇ ಲೆಕ್ಕ ಎರಡು ತಾಸಿಗೆ ಮುಗಿಯಿತು. ನನಗೆ ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಟ್ಯೂನರನ್ನು ಮುಂಜಾನೆ ಏಳಕ್ಕೆ ಶುರು ಮಾಡಿ ದಿನವಿಡೀ ಓಡಲು ಬಿಟ್ಟರೂ ಅದು ಗೆಲ್ಲುವ ಹೊಂದಿಕೆಯನ್ನು ಪ್ರತಿ ಸಲ ಮೊದಲ ಮೂರು ತಾಸಿನಲ್ಲೇ ಕಂಡುಹಿಡಿದಿರುತ್ತಿತ್ತು. ಆಮೇಲೆ ನೋಡಿದ್ದೆಲ್ಲ ಅದಕ್ಕಿಂತ ನಿಧಾನ. ಎಷ್ಟು ಜಾಣ ನೋಡಿ ನನ್ನ ಕೂಸು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪ್ರಬಂಧದ ಮೂರನೇ ಅಧ್ಯಾಯದ ತಲೆಬರಹವೇ ಅದು: ಮೊದಲ ಮೂರು ತಾಸಿನಲ್ಲೇ ಉತ್ತರ.

ಪಿಎಚ್‌ಡಿಗೆ ಹೆಸರು ಹಚ್ಚಿ ಏಳನೇ ವರ್ಷ ಆಗಿತ್ತು. ಎರಡು ಸಲ ಅವಧಿ ಮುಂದೆ ಹಾಕಿಸಿಕೊಂಡಿದ್ದೆ, ಮೂರನೆಯದು ಇಲ್ಲ ಎಂದು ಪತ್ರ ಬಂದಿತ್ತು. ಕೊನೆಯ ಸೆಮಿನಾರಿಗೆ ದಿನ ಗೊತ್ತಾಗಿತ್ತು. ಅವತ್ತು ಪರೀಕ್ಷಕರ ಮುಂದೆ ನಿಂತು ಹೇಳಿ ಒಪ್ಪಿಸಿದರೆ ಆಯಿತು, ಇಲ್ಲವಾದರೆ ಏಳು ವರ್ಷ ನೀರಿಗೆ ಹೋದ ಹಾಗೆ.

ಸೆಮಿನಾರಿಗೆ ಹತ್ತು ದಿನ ಇರುವಾಗ, ಒಂದು ಶುಕ್ರವಾರ, ಪರದೆಯ ಮೇಲೆ ತೋರಿಸಲು ಒಂದು ಚಿತ್ರ ಬೇಕಾಯಿತು. ನನ್ನ ಗೆದ್ದ ಹೊಂದಿಕೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಓಡಿಸಿ ಮನೆಗೆ ಹೋದೆ. ಮರಳಿ ಬಂದು ನೋಡಿದರೆ, ಎರಡಕ್ಕೆ ಮುಗಿಯಬೇಕಾಗಿದ್ದ ಲೆಕ್ಕ ನಾಲ್ಕಾಗುತ್ತಾ ಬಂದರೂ ಓಡುತ್ತಲೇ ಇತ್ತು. ಶನಿವಾರ ಮುಂಜಾನೆ ಏಳಕ್ಕೆ ಮತ್ತೆ ಓಡಿಸಿದೆ. ಒಂಬತ್ತಕ್ಕೆ ಸರಿಯಾಗಿ ಮುಗಿಯಿತು. ಮಧ್ಯಾಹ್ನ ಇನ್ನೊಮ್ಮೆ ಓಡಿಸಿದೆ. ಮತ್ತೆ ನಾಲ್ಕು ತಾಸು. ಯಾರೋ ನನ್ನ ಮಷೀನಿನಲ್ಲಿ ಕದ್ದು ಬೇರೆ ಕೆಲಸ ಓಡಿಸುತ್ತಿದ್ದಾರೆ ಎಂದುಕೊಂಡೆ. ಲ್ಯಾಬ್ ಅಟೆಂಡರನ್ನು ಕರೆದು ಬಾಯಿಗೆ ಬಂದಂತೆ ಬೈದೆ. ರಜೆಯಲ್ಲಿ ಬೀಗದ ಕೈ ನನ್ನ ಹತ್ತಿರವೇ ಇತ್ತು ಎಂಬುದನ್ನು ಅವರು ಮೆತ್ತಗೆ ನೆನಪಿಸಿದರು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಭಾನುವಾರ. ಚರ್ಚ್ ಮುಗಿಸಿ ಗಂಡನ ಬೈಕಿನ ಹಿಂದೆ ಕೂತು ಭಾಲ್ಕಿಗೆ ಹೋದೆ. ಹೋದದ್ದು ಮನಸ್ಸಿದ್ದು ಅಲ್ಲ, ತಿಂಗಳಿಗೊಮ್ಮೆ ಹೋಗುವ ರೂಢಿ. ಅತ್ತೆ ಒಮ್ಮೆ ನನ್ನ ಮುಖ ನೋಡಿ, ಬುತ್ತಿ ಡಬ್ಬಿ ಕೈಗೆ ಕೊಟ್ಟರು.

"ನಿಮ್ಮ ಮಾವ ಮಿಲ್ಲಿನ್ಯಾಗ ಅದಾರ, ಊಟಕ್ಕ ಬಂದಿಲ್ಲ. ಕೊಟ್ಟು ಬಾ. ಅಷ್ಟರೊಳಗ ತಲಿ ತಣ್ಣಗಾಗ್ತದ."

ತೊಗರಿ ಬೇಳೆಯ ಮಿಲ್ಲು ನೋಡದವರಿಗೆ ಎರಡು ಮಾತು ಹೇಳಬೇಕು. ತೊಗರಿ ಕಾಳು ಕಲ್ಲಿನಂಥ ಒರಟು ರೋಲುಗಳ ಸಂದಿನಲ್ಲಿ ಹಾದು ಸಿಪ್ಪೆ ಬಿಡುತ್ತದೆ. ಸಂದು ಬಿಗಿಯಾದರೆ ಕಾಳು ಒಡೆದು ನುಚ್ಚಾಗುತ್ತದೆ, ನುಚ್ಚು ಅಂದರೆ ಮಿಲ್ಲಿಗೆ ಲುಕ್ಸಾನು. ಸಡಿಲಾದರೆ ಸಿಪ್ಪೆ ಅಂಟಿಕೊಂಡೇ ಹೊರಗೆ ಬರುತ್ತದೆ. ಆ ಸಂದನ್ನು ಒಂದು ಚಕ್ರ ತಿರುವಿ ಹೊಂದಿಸುವವರು ಮಿಸ್ತ್ರಿ. ಒಂದೊಂದು ಊರಿನ ತೊಗರಿಗೆ ಒಂದೊಂದು ಸಂದು ಬೇಕು. ಔರಾದ ಕಡೆಯ ಕಾಳಿಗೆ ಕೊಟ್ಟದ್ದು ಜನವಾಡದ ಕಾಳಿಗೆ ಆಗುವುದಿಲ್ಲ.

ಮಾವ ಹೊಸ ಲಾಟಿಗೆ, ಅಂದರೆ ಆಗಷ್ಟೇ ಬಂದ ತೊಗರಿಗೆ, ಸಂದು ಹುಡುಕುತ್ತಿದ್ದರು. ಹೊಟ್ಟಿನ ಧೂಳು ಹುಬ್ಬಿನ ಮೇಲೆಲ್ಲ ಕೂತಿತ್ತು. ನನ್ನನ್ನು ಕಂಡು ಕೈಸನ್ನೆ ಮಾಡಿ ಕೂರಿಸಿದರು.

"ಏನವ್ವಾ, ಮಾರಿ ಯಾಕ ಹಿಂಗ ಮಾಡೀದಿ?"

"ನನ್ನ ಮಷೀನು ಸುಳ್ಳು ಹೇಳ್ಲಿಕತ್ತದರಿ, ಮಾವಾರ. ಮುಂಜಾನಿ ಒಂದು ಹೇಳ್ತದ, ಮಧ್ಯಾಹ್ನ ಒಂದು ಹೇಳ್ತದ."

"ಹ್ಞೂಂ" ಎಂದರು, ಅಷ್ಟೇ. ಮೂಲೆಯಲ್ಲಿ ಬೇರೆಯಾಗಿ ನಿಲ್ಲಿಸಿದ ಒಂದು ಹಳೇ ಚೀಲದ ಬಾಯಿ ಬಿಚ್ಚಿದರು. ಒಳಗೆ ಒಣಗಿದ ಬೇವಿನ ಎಲೆ. ಒಂದು ಸೇರು ಕಾಳು ತೆಗೆದುಕೊಂಡು, ಚಕ್ರವನ್ನು ಸುಣ್ಣದ ಗುರುತಿಗೆ ತಂದು ನಿಲ್ಲಿಸಿ, ರೋಲಿಗೆ ಹಾಕಿದರು. ಬಂದದ್ದನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಬೆರಳಿನಿಂದ ನುಚ್ಚು ಬೇರೆ ಮಾಡಿ ನೋಡಿದರು. ಆಮೇಲೆ ಚಕ್ರ ತಿರುವಿ ಹೊಸ ಸಂದು ಕೊಟ್ಟು ಹೊಸ ಲಾಟಿನ ಒಂದು ಸೇರು ಹಾಕಿದರು. ಅದನ್ನೂ ನೋಡಿದರು. ಮತ್ತೆ ಹಳೇ ಚೀಲ, ಮತ್ತೆ ಸುಣ್ಣದ ಗುರುತು.

ಮದುವೆಯಾಗಿ ಬಂದ ಹದಿನೆಂಟು ವರ್ಷದಿಂದ ಇದನ್ನು ನೋಡಿದ್ದೆ. ಮುದುಕರ ಒಂದು ನೇಮ ಎಂದುಕೊಂಡಿದ್ದೆ. ನಾವು ಊಟಕ್ಕೆ ಮೊದಲು ಪ್ರಾರ್ಥನೆ ಮಾಡುವ ಹಾಗೆ ಇವರು ಸಂದಿಗೆ ಮೊದಲು ಹಳೇ ತೊಗರಿ ಹಾಕುತ್ತಾರೆ ಎಂದು ಗಂಡನ ಮುಂದೆ ನಗೆಯಾಡಿದ್ದೂ ಉಂಟು. ಅವತ್ತು ಮೊದಲ ಸಲ ಕೇಳಿದೆ.

"ಆ ಚೀಲ ಯಾಕರಿ ಮಾವಾರ? ಪ್ರತಿ ಸಲ ಅದನ್ನ ಯಾಕ ಹಾಕ್ತೀರಿ?"

"ಇದಾ? ಇದು ಸಾಕ್ಷಿ ತೊಗರಿ." ಅವರು ಹೊಟ್ಟು ಕೊಡವಿಕೊಂಡು ನನ್ನ ಪಕ್ಕ ಕೂತರು. "ನೋಡವ್ವಾ, ಮುಂಜಾನಿ ರೋಲು ತಣ್ಣಗಿರ್ತದ. ಹನ್ನೆರಡಕ್ಕ ಕೈ ಇಟ್ರ ಸುಡ್ತದ. ಹವಾನೂ ಬ್ಯಾರೆ ಆಗಿರ್ತದ. ಮಧ್ಯಾಹ್ನ ಹೊಸ ಸಂದು ಕೊಟ್ಟೆ, ನುಚ್ಚು ಹೆಚ್ಚ ಬಂತು ಅಂತ ತಿಳಿ. ತಪ್ಪು ಸಂದಿಂದೋ, ಬಿಸಿಲಿಂದೋ? ಯಾರ್ನ ಕೇಳ್ತಿ? ಇದನ್ನ ಕೇಳಬೇಕು. ಇದು ಅದೇ ಹಳೇ ಕಾಳು, ಅದೇ ಹಳೇ ಸಂದು. ಇದರಾಗೂ ನುಚ್ಚು ಹೆಚ್ಚ ಬಂದ್ರ ಹೊಸ ಸಂದಿನ ಮ್ಯಾಲ ತಪ್ಪು ಹಾಕಬ್ಯಾಡ. ಅದಕ್ಕ ಪ್ರತಿ ಸಲ ಒಮ್ಮೆ ಇದು, ಒಮ್ಮೆ ಅದು."

ನನಗೆ ನಮ್ಮ ಲ್ಯಾಬಿನ ಕೋಣೆ ನೆನಪಾಯಿತು. ಬುತ್ತಿ ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

ಆ ಬೇಸಿಗೆಯಲ್ಲಿ ನಮ್ಮಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಗುತ್ತಿತ್ತು. ಕಾಲೇಜಿನ ಜನರೇಟರು ಕಂಪ್ಯೂಟರುಗಳನ್ನು ಎತ್ತಿ ಹಿಡಿಯುತ್ತಿತ್ತು, ಏಸಿಗೆ ಮಾತ್ರ ಆ ಲೈನು ಕೊಟ್ಟಿರಲಿಲ್ಲ. ನಾನು ಏಳಕ್ಕೆ ಟ್ಯೂನರ್ ಶುರು ಮಾಡಿ, ಏಸಿ ಹಾಕಿ, ಬೀಗ ಹಾಕಿ ಮನೆಗೆ ಬಂದುಬಿಡುತ್ತಿದ್ದೆ. ಹತ್ತರ ನಂತರ ಮುಚ್ಚಿದ ಕೋಣೆಯಲ್ಲಿ ಅರವತ್ತನಾಲ್ಕು ಕೋರು ಕಾದು, ಸುಟ್ಟುಹೋಗದಿರಲಿ ಎಂದು ಪ್ರೊಸೆಸರು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಹಾಗಾಗಿ ಬೆಳಿಗ್ಗೆ ಸರದಿ ಬಂದ ಹೊಂದಿಕೆ ಯಾವುದಾದರೂ ಚುರುಕು, ಮಧ್ಯಾಹ್ನ ಸರದಿ ಬಂದದ್ದು ಯಾವುದಾದರೂ ಮಂದ. ಸರ್ ಅವರ ಹಳೆಯ ಹೊಂದಿಕೆಯ ನಾಲ್ಕು ತಾಸನ್ನು ನಾನು ಅಳೆದದ್ದು ಒಂದು ದಿನ ಊಟವಾದ ಮೇಲೆ. ನನ್ನ ಕೂಸು ಮೊದಲ ಮೂರು ತಾಸಿನಲ್ಲೇ ಉತ್ತರ ಹುಡುಕುತ್ತಿದ್ದದ್ದು ಜಾಣತನದಿಂದಲ್ಲ. ಆ ಮೂರು ತಾಸು ಕೋಣೆ ತಣ್ಣಗಿತ್ತು, ಅಷ್ಟೇ. ನೀರಿನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಔರಾದಿನ ಶಾಲೆಯ ಬಾವಿಗೆ ನನ್ನ ಗಂಡ ಟೇಪು ಇಳಿಬಿಟ್ಟು ಅಳೆದು ತಂದ ಮಟ್ಟಕ್ಕೆ ಅದು ಹೊಂದುತ್ತಿತ್ತು. ತಪ್ಪಿದ್ದು ವೇಗದ ಲೆಕ್ಕ, ಅಂದರೆ ನನ್ನ ಇಡೀ ಪ್ರಬಂಧ.

ಅಳು ಬಂತು. ಮಿಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಮಾವ ನೋಡಿದರು. ಎಲ್ಲ ಹೇಳಿದೆ. ಕೋರು ಗೀರು ಅವರಿಗೆ ತಿಳಿಯಿತೋ ಇಲ್ಲವೋ, ಬಿಸಿ ತಿಳಿಯಿತು.

"ನಿಮಗ ಇದನ್ನ ಯಾರು ಕಲಿಸಿದ್ರಿ ಮಾವಾರ?"

ಅವರು ಆ ಹಳೇ ಚೀಲವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದರು. ಮಿಲ್ಲಿಗೆ ಸೇರಿದ ಹೊಸತರಲ್ಲಿ ಅಲ್ಲಿ ಇಬ್ಬರು ಮಿಸ್ತ್ರಿಗಳಿದ್ದರಂತೆ. ಆಗಿನ ಮಾಲೀಕರು ಒಬ್ಬರನ್ನೇ ಇಟ್ಟುಕೊಳ್ಳುವುದೆಂದು ಹೇಳಿ, ಇಬ್ಬರಿಗೂ ಸಂದು ಕೊಟ್ಟು ತೋರಿಸಿ ಅಂದರಂತೆ. ಮಾವನ ಸರದಿ ಮುಂಜಾನೆ, ಇನ್ನೊಬ್ಬರದು ಮಧ್ಯಾಹ್ನ. ಮಾವನ ಬೇಳೆಯಲ್ಲಿ ನುಚ್ಚು ಕಡಿಮೆ ಬಂತು. ಇನ್ನೊಬ್ಬರು ಸಂಜೆಗೇ ಗಂಟು ಕಟ್ಟಿಕೊಂಡು ಉದಗೀರಿಗೆ ಹೋದರು.

"ಮುಂದಿನ ವರ್ಷ ಬ್ಯಾಸಗಿ ಮಧ್ಯಾಹ್ನ ನಾ ಕೊಟ್ಟ ಅದೇ ಸಂದಿನ್ಯಾಗ ನುಚ್ಚು ಸುರೀತವ್ವಾ. ಆವಾಗ ತಿಳೀತು. ಅವತ್ತ ಗೆದ್ದಾಂವ ನಾ ಅಲ್ಲ. ಮುಂಜಾನಿ ಗೆದ್ದಿತ್ತು."

"ಅವರಿಗೆ ಹೇಳಿದ್ರೇನ್ರಿ?"

"ಉದಗೀರಿಗೆ ಹೋಗಿ ಹೇಳಿದೆ. ಚಹಾ ಕುಡಿಸಿ ಕಳಿಸಿದ. ಹೊಳ್ಳಿ ಬರಲಿಲ್ಲ. ಅವತ್ತಿಂದ ಈ ಚೀಲ ಇಟ್ಟೀನಿ. ಪ್ರತಿ ವರ್ಷ ಹೊಸ ಕಾಳು ತುಂಬ್ತೀನಿ, ಚೀಲ ಅದೇ."

ನೀನು ಹೀಗೆ ಮಾಡು ಎಂದು ಅವರು ಹೇಳಲಿಲ್ಲ. ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಅರ್ಧ ನನಗೇ ಕೊಟ್ಟರು.

ಮೈಲೂರಿಗೆ ಮರಳಿದ ಮೇಲೆ ಗಂಡನಿಗೆ ಹೇಳಿದೆ. ಅವರು ಯೋಚನೆ ಮಾಡಿ, "ಎಂಟು ದಿನ ಅದಾವ. ಈಗ ಹೋಗಲಿ ಬಿಡು. ಡಿಗ್ರಿ ಆದ ಮ್ಯಾಲ ಸರಿ ಮಾಡಿದ್ರ ಆಗಂಗಿಲ್ಲೇನು?" ಎಂದರು. ಕೈಯಲ್ಲಿದ್ದ ಲೋಟ ಕುಕ್ಕಿ ರೇಗಾಡಿದೆ. ಯಾಕೆಂದರೆ ಭಾಲ್ಕಿಯಿಂದ ಬರುವಾಗ ಬೈಕಿನ ಮೇಲೆ ಕೂತು ನಾನೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ಪರೀಕ್ಷಕರು ನಮ್ಮ ಲ್ಯಾಬಿಗೆ ಬಂದು ಅಳೆಯುವವರಲ್ಲ. ಏಸಿಯ ಲೈನಿನ ಬಗ್ಗೆ ಕೇಳುವವರು ಯಾರೂ ಇಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಏಳು ವರ್ಷ ದಡ ಮುಟ್ಟುತ್ತಿತ್ತು.

ಸೋಮವಾರ ಬೆಳಿಗ್ಗೆ ಗೈಡ್ ಸರ್ ಮನೆಗೆ ಹೋದೆ. ಹೋಗುವ ಮುಂಚೆ ಬಾಗಿಲಲ್ಲಿ ಎರಡು ಸಲ ನಿಂತೆ. ಸರ್ ಪೂರ್ತಿ ಕೇಳಿದರು, ಕನ್ನಡಕ ತೆಗೆದು ಒರೆಸಿದರು. ಅವರಿಗೂ ಇದು ಸಣ್ಣ ಮಾತಾಗಿರಲಿಲ್ಲ, ನನ್ನ ಪ್ರಬಂಧದ ಮೇಲೆ ಅವರ ಸಹಿ ಇತ್ತು.

"ಯಾರಿಗಾದ್ರೂ ಹೇಳೀರೇನು?"

"ಮನ್ಯಾಗ ಅಷ್ಟೇರಿ, ಸರ್."

"ಸೆಮಿನಾರು ಮುಂದ ಹಾಕ್ಲಿಕ್ಕೆ ಬರಂಗಿಲ್ಲ. ಪೈಲೆ ಆ ಮೂರನೇ ಅಧ್ಯಾಯ ತೆಗೀರಿ. ಒಂದು ವಾರ ಅದ, ಹೊಸದಾಗಿ ಅಳೀರಿ. ಎಷ್ಟು ಬರ್ತದೋ ಅಷ್ಟೇ ಹೇಳೋಣ. ಏನೂ ಬರದಿದ್ರ ಏನೂ ಬರಲಿಲ್ಲ ಅಂತ ಹೇಳೋಣ."

ಹೇಳೋಣ ಎಂದರು. ಹೇಳಿ ಎನ್ನಲಿಲ್ಲ. ಆ ಒಂದು ಮಾತಿಗೆ ನಾನು ಅವರಿಗೆ ಸಾಯುವ ತನಕ ಕೃತಜ್ಞಳು.

ಟ್ಯೂನರನ್ನು ತಿದ್ದಲು ಒಂದೇ ದಿನ ಸಾಕಾಯಿತು. ಪ್ರತಿಯೊಂದು ಹೊಸ ಹೊಂದಿಕೆಯನ್ನು ಎರಡು ನಿಮಿಷ ಓಡಿಸಿದ ಕೂಡಲೇ ಸರ್ ಅವರ ಹಳೆಯ ಹೊಂದಿಕೆಯನ್ನು ಎರಡು ನಿಮಿಷ ಓಡಿಸಬೇಕು. ಹೊಸದು ಎಷ್ಟು ವೇಗ ಎಂದು ಗಡಿಯಾರವನ್ನು ಕೇಳಬಾರದು, ಪಕ್ಕದ ಹಳೆಯದಕ್ಕಿಂತ ಎಷ್ಟು ವೇಗ ಎಂದು ಕೇಳಬೇಕು. ಕರೆಂಟು ಹೋಗಲಿ, ಕೋಣೆ ಕಾಯಲಿ, ಇಬ್ಬರಿಗೂ ಒಂದೇ ಬಿಸಿ. ಪ್ರೋಗ್ರಾಮಿನಲ್ಲಿ ಆ ಹಳೆಯ ಹೊಂದಿಕೆಗೆ ನಾನು ಇಟ್ಟ ಹೆಸರು ತೊಗರಿ. ಅದೇ ಕೆಲಸಕ್ಕೆ ಈಗ ಇಮ್ಮಡಿ ಹೊತ್ತು ಬೇಕಾಯಿತು. ಅಟೆಂಡರ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ನಕ್ಕು, ಮನೆಯಿಂದ ಒಂದು ಹಳೇ ಟೇಬಲ್ ಫ್ಯಾನು ತಂದು ಮಷೀನಿನ ಬೆನ್ನಿಗೆ ಇಟ್ಟರು. ಬೀದರಿನ ಕೆಂಪು ಧೂಳು ಕೂತ ಜಾಲರಿಯನ್ನು ಬ್ರಷ್ ಹಿಡಿದು ತಿಕ್ಕಿ ಸ್ವಚ್ಛ ಮಾಡಿದರು. ನಾನು ಕೇಳಿರಲಿಲ್ಲ.

ನಾನೂ ಆ ವಾರ ಬೀಗ ಹಾಕಿ ಮನೆಗೆ ಹೋಗಲಿಲ್ಲ. ಒದ್ದೆ ಟವೆಲ್ಲು ತಲೆಯ ಮೇಲೆ ಹಾಕಿಕೊಂಡು ಅದೇ ಕೋಣೆಯಲ್ಲಿ ಕೂತೆ. ಮೊದಲ ದಿನ ನನ್ನ ಹಳೇ ಗೆಲುವು ಮಣ್ಣು ಮುಕ್ಕಿತು. ಅದು ಸರ್ ಅವರ ಹೊಂದಿಕೆಗಿಂತ ಕೂದಲೆಳೆಯಷ್ಟೂ ಮುಂದಿರಲಿಲ್ಲ. ಎರಡನೇ ದಿನ ಏನಿಲ್ಲ. ಮೂರನೇ ದಿನ ಏನಿಲ್ಲ. ಏನೂ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಗೌರವವಾಗಿ ಹೇಳುವುದು ಹೇಗೆ ಎಂದು ಕನ್ನಡಿಯ ಮುಂದೆ ನಿಂತು ಕಲಿತೆ. ಐದನೇ ದಿನ ಮಧ್ಯಾಹ್ನ ಒಂದು ಹೊಂದಿಕೆ ಪಕ್ಕದ ತೊಗರಿಯನ್ನು ಬಿಟ್ಟು ಮುಂದೆ ಓಡಿತು. ಹಳೇ ಪಟ್ಟಿ ತೆಗೆದು ನೋಡಿದೆ. ಅದು ನನ್ನ ಟ್ಯೂನರ್ ಹಿಂದೆಯೇ ನೋಡಿ ಬಿಸಾಡಿದ್ದ ಹೊಂದಿಕೆ. ಅದರ ಸರದಿ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ಪಾಪ, ಉದಗೀರಿಗೆ ಹೋದವರ ನೆನಪಾಯಿತು.

ಅದನ್ನು ಮುಂಜಾನೆ, ಮಧ್ಯಾಹ್ನ, ಸಂಜೆ, ಮೂರೂ ಹೊತ್ತು ತೊಗರಿಯ ಜೊತೆ ಓಡಿಸಿದೆ. ಮೂರೂ ಸಲ ಒಂದೇ ಉತ್ತರ. ಹಳೆಯದಕ್ಕೆ ನಾಲ್ಕು ತಾಸು ಹಿಡಿದರೆ ಇದಕ್ಕೆ ಮೂರು ತಾಸು. ಎರಡಲ್ಲ, ಮೂರು.

ಸೆಮಿನಾರಿನಲ್ಲಿ, ದಿನದ ಹೊತ್ತಿನ ಜೊತೆ ವೇಗ ಹೇಗೆ ಬದಲಾಯಿತೆಂದು ಹೇಳುವ ಎರಡು ಗೆರೆ ಪರದೆಯ ಮೇಲೆ ತೋರಿಸಿದೆ. ಇದು ನಾನು ಮೋಸ ಹೋದ ಗೆರೆ, ಇದು ನಿಜದ ಗೆರೆ ಅಂದೆ. ಹೊರಗಿನಿಂದ ಬಂದ ಪರೀಕ್ಷಕರು ಮೋಸದ ಗೆರೆಯನ್ನೇ ಬಹಳ ಹೊತ್ತು ನೋಡಿದರು. ಹತ್ತು ಗಂಟೆಗೆ ಅದು ಮೆಟ್ಟಿಲಿನಂತೆ ಕೆಳಗೆ ಬಿದ್ದದ್ದು ಈಗ ಎಲ್ಲರಿಗೂ ಕಾಣುತ್ತಿತ್ತು. ಈ ಪಕ್ಕ ಪಕ್ಕ ಓಡಿಸುವ ಪದ್ಧತಿ ಎಲ್ಲಿಂದ ತಂದಿರಿ ಎಂದು ಕೇಳಿದರು. ಭಾಲ್ಕಿಯ ಒಂದು ದಾಲ್ ಮಿಲ್ಲಿನಿಂದ ಅಂದೆ. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಸರ್ ನಗಲಿಲ್ಲ, ಎದ್ದು ನಿಂತು, "ಅವರು ಹೇಳಿದ್ದು ಖರೆ ಅದರಿ" ಎಂದು ಕೂತರು. ಅರ್ಧ ತಾಸು ಹೊರಗೆ ಕಾಯಿಸಿದರು. ಆಮೇಲೆ ಕರೆದು ಒಪ್ಪಿಗೆ ಕೊಟ್ಟರು.

ಮನೆಗೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಭಾಲ್ಕಿ ಬಸ್ಸು ಹತ್ತಿದೆ. ಔರಾದಿನಿಂದ ಗಂಡನೂ ಬರುತ್ತೇನೆ ಅಂದಿದ್ದರು, ಅವರಿಗೆ ಕಾಯಲಿಲ್ಲ. ಮಿಲ್ಲಿನ ಮುಂದಿನ ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದ ಕಾಳನ್ನು ಹೆಣ್ಣುಮಕ್ಕಳು ಗುಡ್ಡೆ ಮಾಡುತ್ತಿದ್ದರು. ಮಾವ ರೋಲು ನಿಲ್ಲಿಸಿ, ಸಾಕ್ಷಿ ಚೀಲದ ಬಾಯಿ ಕಟ್ಟುತ್ತಿದ್ದರು. ಆಯಿತೋ ಇಲ್ಲವೋ ಎಂದು ಕೇಳಲಿಲ್ಲ, ಬಹುಶಃ ಮುಖ ನೋಡಿಯೇ ತಿಳಿದಿತ್ತು. ಗಂಟು ಬಿಗಿದು ಕೇಳಿದರು.

"ಕಡೀಗೆ ಎಷ್ಟು ಉಳೀತವ್ವಾ?"

"ನಾಕು ತಾಸಿಂದು ಮೂರಕ್ಕ ಬಂತ್ರಿ, ಮಾವಾರ. ಪೈಲೆ ಎರಡು ಅಂತ ಹೇಳ್ಕೊಂಡು ತಿರುಗಿದ್ದೆ."

"ಮಧ್ಯಾಹ್ನ ಅಳದಿ?"

"ಮಧ್ಯಾಹ್ನಾನೂ ಅಳದೆರಿ. ಸಂಜೀಗೂ ಅಳದೆ. ಪ್ರತಿ ಸಲ ಪಕ್ಕದಾಗ ಹಳೇದು ಇಟ್ಕೊಂಡೇ ಅಳದೆ."

ಅವರು ಹೊಟ್ಟು ಮೆತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ನನ್ನ ತಲೆಯ ಮೇಲೆ ಇಟ್ಟರು.

"ಹಂಗಾದ್ರ ಇದು ಮುಂಜಾನಿ ಗೆದ್ದದ್ದಲ್ಲ. ಇದು ನೀ ಗೆದ್ದದ್ದು."